ಗ್ರೇಡ್ ಆದ ಮೇಲೂ ಪ್ರೂಫ್ ಕಾರ್ಡನ್ನು ಏಕೆ ಪರೀಕ್ಷಿಸಬೇಕು?

ತುಮಕೂರಿನ ಚಿಕ್ಕಪೇಟೆಯ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು ನಾನು. ಪೊಕೆಮಾನ್, ಮ್ಯಾಜಿಕ್ ಮೊದಲಾದ ಆಟದ ಕಾರ್ಡುಗಳನ್ನು ಸಂಗ್ರಹಿಸುವ ಹುಡುಗರು ಈಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಸರ್, ಗ್ರೇಡಿಂಗ್ ಕಂಪನಿಯವರೇ ನೋಡಿ, ನಂಬರ್ ಕೊಟ್ಟು, ಪ್ಲಾಸ್ಟಿಕ್ ಕೇಸಿನಲ್ಲಿ ಸೀಲ್ ಮಾಡಿದ ಮೇಲೆ ಇನ್ನೇನು ನೋಡಬೇಕು?" ಮಾರಾಟಕ್ಕೆಂದು ಅಚ್ಚಾದ ಮಾಮೂಲಿ ಕಾರ್ಡಾದರೆ ಅಷ್ಟೇ ಸಾಕು ಎನ್ನುತ್ತೇನೆ. ಅದಕ್ಕೂ ಮೊದಲು ಪ್ರಯೋಗಕ್ಕೆಂದು ತೆಗೆದ ಪ್ರೂಫ್ ಕಾರ್ಡಾದರೆ ಸಾಲದು.

ಗ್ರೇಡ್ ಹೇಳುವುದು ಕಾರ್ಡಿನ ಸ್ಥಿತಿಯನ್ನು. ಚಿತ್ರ ಸರಿಯಾಗಿ ನಡುವೆ ಕೂತಿದೆಯೇ, ಮೂಲೆ, ಅಂಚು, ಮೇಲ್ಮೈ ಹೇಗಿವೆ ಎಂದು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಕಾರ್ಡು ಅಸಲಿಯೇ ಎಂಬುದು ಬೇರೆಯೇ ಪ್ರಶ್ನೆ. ಮಾಮೂಲಿ ಕಾರ್ಡಿಗೆ ಉತ್ತರ ಸುಲಭ, ಏಕೆಂದರೆ ಅದೇ ಕಾರ್ಡಿನ ಇನ್ನೊಂದು ಪ್ರತಿಯನ್ನು ಪಕ್ಕಕ್ಕಿಟ್ಟು ಕಾಗದದ ದಪ್ಪವನ್ನೂ, ಹಿಂಬದಿಯ ಬಣ್ಣವನ್ನೂ, ಅಂಚಿನಲ್ಲಿ ಪದರಗಳ ನಡುವೆ ಕಾಣುವ ಗೆರೆಯನ್ನೂ ಹೋಲಿಸಬಹುದು. ಪ್ರೂಫಿಗೆ ಅಂಥ ಜೋಡಿ ಸಿಗುವುದಿಲ್ಲ. ಅದರ ಕಾಗದ ಬೇರೆಯಾಗಿರಬಹುದು, ಹಿಂಬದಿ ಖಾಲಿಯಿರಬಹುದು, ಕೈಯಿಂದಲೇ ಕತ್ತರಿಸಿರಬಹುದು. ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1998ರಲ್ಲಿ ನಿಂಟೆಂಡೊದವರಿಗೆ ತೋರಿಸಲೆಂದು ಮಾಡಿಸಿದ, ಬ್ಲಾಸ್ಟಾಯ್ಸ್ ಎಂಬ ಪೊಕೆಮಾನ್ ಪಾತ್ರದ ಕಾರ್ಡಿನ ಹಿಂಬದಿಯೂ ಖಾಲಿ. ಅದು 2021ರ ಜನವರಿಯಲ್ಲಿ 3,60,000 ಡಾಲರಿಗೆ ಹರಾಜಾಯಿತು. ಇಂಥ ಬೆಲೆ ಇರುವಾಗ, ಮಾಮೂಲಿ ಕಾರ್ಡಿನಲ್ಲಿ ಅನುಮಾನ ಹುಟ್ಟಿಸುವ ಪ್ರತಿಯೊಂದು ದೋಷವೂ ಪ್ರೂಫಿನಲ್ಲಿ ಅಪರೂಪದ ಲಕ್ಷಣವೆನಿಸಿಕೊಳ್ಳುತ್ತದೆ. ಮೋಸ ನಡೆಯುವುದು ಇಲ್ಲಿಯೇ.

ಪೊಕೆಮಾನ್ ಕಾರ್ಡ್ ಆಟ ಜಪಾನಿನಲ್ಲಿ ಬಿಡುಗಡೆಯಾದದ್ದು 1996ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚಿನ ಮಾದರಿಗಳೆಂದು ಹೇಳಲಾದ ಹಲವು ಕಾರ್ಡುಗಳು 2024ರಲ್ಲಿ ಮಾರುಕಟ್ಟೆಗೆ ಬಂದವು. ಹೆಸರಾಂತ ಗ್ರೇಡಿಂಗ್ ಸಂಸ್ಥೆಯ ಕೇಸು ಅವಕ್ಕಿತ್ತು, ಕೆಲವುಗಳ ಮೇಲೆ ಆಟವನ್ನು ರೂಪಿಸಿದವರಲ್ಲಿ ಒಬ್ಬರ ಸಹಿಯೂ ಇತ್ತು. 2025ರ ಜನವರಿಯಲ್ಲಿ ಸಂಗ್ರಾಹಕರು ಅವುಗಳ ಸ್ಕ್ಯಾನ್‌ಗಳನ್ನು ಹಿಗ್ಗಿಸಿ ಬಣ್ಣ ಬದಲಿಸಿ ನೋಡಿದಾಗ, ಕೆಲವು ಕಾರ್ಡುಗಳಲ್ಲಿ ಬರಿಗಣ್ಣಿಗೆ ಕಾಣದ ಹಳದಿ ಚುಕ್ಕಿಗಳು ಸಿಕ್ಕವು. ಅನೇಕ ಕಲರ್ ಲೇಸರ್ ಪ್ರಿಂಟರುಗಳು ತಾವು ಅಚ್ಚು ಹಾಕುವ ಹಾಳೆಯ ಮೇಲೆಲ್ಲ, ಸುಮಾರು 0.1 ಮಿಲಿಮೀಟರ್ ಗಾತ್ರದ ಇಂಥ ಚುಕ್ಕಿಗಳಲ್ಲಿ ಯಂತ್ರದ ಗುರುತನ್ನೂ, ಕೆಲವೊಮ್ಮೆ ಮುದ್ರಣದ ದಿನಾಂಕವನ್ನೂ ಬಚ್ಚಿಡುತ್ತವೆ. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ 2005ರಲ್ಲಿ ಒಂದು ಝೆರಾಕ್ಸ್ ಯಂತ್ರದ ಚುಕ್ಕಿಗಳನ್ನು ಬಿಡಿಸಿ ಓದಿ ಇದನ್ನು ತೋರಿಸಿತ್ತು. ಈ ಕಾರ್ಡುಗಳ ಚುಕ್ಕಿಗಳನ್ನು ಓದಿದಾಗ ಬಂದ ಇಸವಿ 2024. ಸಹಿ, ಕೇಸು, ಅಂಕ ಎಲ್ಲ ಇದ್ದೂ ಕಾಗದವೇ ಬೇರೆ ಮಾತು ಹೇಳಿತು. ಹಾಗೆಂದು ಚುಕ್ಕಿ ಕಾಣದಿದ್ದರೆ ಕಾರ್ಡು ಅಸಲಿ ಎಂದು ತಿಳಿಯಬಾರದು. ಇಂಕ್‌ಜೆಟ್‌ನಲ್ಲಿ ತೆಗೆದ ನಕಲಿನಲ್ಲಿ ಅವು ಇರುವುದಿಲ್ಲ.

ನಾನು ನೋಡುವುದು ತಪ್ಪಿನ ಕ್ರಮವನ್ನು. ನಮ್ಮಲ್ಲಿ ಬಣ್ಣಕ್ಕೊಂದರಂತೆ ಹೊಸ ಅಚ್ಚಿನ ಪ್ಲೇಟ್ ಹಾಕಿದಾಗ ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವವರೆಗೆ ಹಾಳೆ ಓಡಿಸುತ್ತಿದ್ದೆವು. ಕಾಗದ ಉಳಿಸಲು ಅದೇ ಹಾಳೆಯನ್ನು ಎರಡು ಮೂರು ಬಾರಿ ಯಂತ್ರಕ್ಕೆ ಕೊಡುತ್ತಿದ್ದುದರಿಂದ, ಒಂದು ಲಗ್ನಪತ್ರಿಕೆಯ ಗಣಪತಿಯ ಮೇಲೆ ಇನ್ನೊಂದರ ವಧೂವರರ ಹೆಸರು ಬಿದ್ದಿರುತ್ತಿತ್ತು. ಆದರೆ ಅಂಥ ಹಾಳೆಯಲ್ಲೂ ಮಜೆಂಟಾ ಎಂಬ ಕಡುಗುಲಾಬಿ ಬಣ್ಣ ಒಂದು ಕಡೆಗೆ ಸರಿದಿದ್ದರೆ ಇಡೀ ಕಾರ್ಡಿನಲ್ಲಿ ಸರಿದಿರುತ್ತದೆ, ಕಪ್ಪು ಅಕ್ಷರದ ಅಂಚು ಚೂಪಾಗಿಯೇ ಇರುತ್ತದೆ. ಲೇಸರ್ ನಕಲಿನಲ್ಲಿ ಅಕ್ಷರದ ಸುತ್ತ ಟೋನರಿನ ಪುಡಿ ಚದುರಿರುತ್ತದೆ. ಬಣ್ಣವನ್ನು ಉಜ್ಜಿ ತೆಗೆದು ಹಿಂಬದಿಯನ್ನು ಖಾಲಿ ಮಾಡಿದ್ದರೆ, ಓರೆಯಾಗಿ ಟಾರ್ಚ್ ಹಿಡಿದಾಗ ಕಾಗದದ ನಾರು ಎದ್ದಿರುವುದು ಕಾಣುತ್ತದೆ.

ಕಳೆದ ಬೇಸಿಗೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ, ಹಳದಿ ಪ್ಲೇಟ್ ಇಲ್ಲದೆ ಅಚ್ಚಾದ ಪ್ರೂಫ್ ಎಂದು ಮಾರಾಟಗಾರ ಹೇಳಿದ್ದ ಕಾರ್ಡೊಂದನ್ನು ಗ್ರೇಡಿಂಗಿಗೆ ಕಳಿಸುವ ಮೊದಲು ತಂದಿದ್ದ. ಮೇಲ್ನೋಟಕ್ಕೆ ಅದು ಪೂರ್ತಿ ನೀಲಿಗಟ್ಟಿತ್ತು. ಮೂವತ್ತು ಪಟ್ಟು ಹಿಗ್ಗಿಸುವ ಲೆನ್ಸನ್ನು ಅವನ ಕೈಗೇ ಕೊಟ್ಟು, ಎಡ ಅಂಚಿನಿಂದ ನಿಧಾನವಾಗಿ ನೋಡುತ್ತಾ ಬಾ ಎಂದೆ. ಅಂಚಿನ ಒಂದು ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಹಳದಿ ಚುಕ್ಕಿಗಳು ತುಂಬಿಕೊಂಡಿದ್ದವು, ಮುಂದೆ ಹೋದಂತೆ ತೆಳುವಾಗಿ, ನಡುವೆ ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಪ್ಲೇಟೇ ಇಲ್ಲದಿದ್ದರೆ ಒಂದು ಚುಕ್ಕಿಯೂ ಇರುತ್ತಿರಲಿಲ್ಲ. ಅಂಗಡಿ ಮುಂದಿನ ಪೋಸ್ಟರ್ ಬಿಸಿಲಿಗೆ ನೀಲಿಯಾಗುವುದನ್ನು ಬಿ.ಎಚ್. ರಸ್ತೆಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ, ಹಳದಿ ಮತ್ತು ಮಜೆಂಟಾ ಮೊದಲು ಹಾರಿಹೋಗುತ್ತವೆ. ಈ ಕಾರ್ಡಿಗೆ ಆಗಿದ್ದೂ ಅದೇ, ಯಾವುದೋ ಚೌಕಟ್ಟು ಮುಚ್ಚಿದ್ದ ಆ ಅಂಚೊಂದು ಉಳಿದುಕೊಂಡಿತ್ತು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅವನು ಮುಂಗಡ ಮಾತ್ರ ಕೊಟ್ಟಿದ್ದನೆಂದು ತಿಳಿದಾಗ ನನಗೆ ಸಮಾಧಾನವಾಯಿತು.

ಅಸಲಿ ಪ್ರೂಫ್ ಕೈಗೆ ಬಂದವರಿಗೂ ಅಂಕದ ಹಿಂದೆ ಹೋಗಬೇಡಿ ಎನ್ನುತ್ತೇನೆ. ಕೈಯಿಂದ ಕತ್ತರಿಸಿದ ಕಾರ್ಡಿನ ಚಿತ್ರ ನಡುವೆ ಕೂತಿದೆಯೇ ಎಂದು ಅಳೆಯುವುದರಲ್ಲಿ ಅರ್ಥವಿಲ್ಲ. ಅಂಕವಿಲ್ಲದೆ 'ಅಥೆಂಟಿಕ್' ಎಂದಷ್ಟೇ ಬರೆದ ಲೇಬಲ್ ಅದಕ್ಕೆ ಸರಿಹೊಂದುತ್ತದೆ. ಆ ಲೇಬಲ್ಲಿನ ಜೊತೆಗೆ, ಕಾರ್ಡು ಯಾರ ಬಳಿಯಿಂದ ಯಾರಿಗೆ, ಯಾವ ಇಸವಿಯಲ್ಲಿ ಬಂತೆಂದು ಮಾರಿದವರ ಕೈಬರಹದಲ್ಲೇ ಒಂದು ಕಾಗದ ಬರೆಸಿಕೊಳ್ಳಿ. ಹಾಗೆ ಬರೆದುಕೊಡಲು ಹಿಂಜರಿಯುವವರ ಕಾರ್ಡನ್ನು ನಾನು ಲೆನ್ಸಿನಡಿ ಇಡುವುದೂ ಇಲ್ಲ.