ಬ್ವಿಂಡಿ ಗೊರಿಲ್ಲಾಗಳಿಗೆ ಯಾವ ಲೆನ್ಸ್ ಒಯ್ಯಬೇಕು?

ಕಬಿನಿ, ಬಂಡೀಪುರಗಳಲ್ಲಿ ಜೀಪಿನ ಕಂಬಿಯ ಮೇಲೆ ಬೀನ್‌ಬ್ಯಾಗ್ ಇಟ್ಟು, ಅದರ ಮೇಲೆ ಉದ್ದನೆಯ ಲೆನ್ಸ್ ಊರಿ ಹುಲಿಗೆ ಕಾದು ರೂಢಿಯಾದವರಿಗೆ ಉಗಾಂಡಾದ ಬ್ವಿಂಡಿ ಕಾಡಿನ ಲೆಕ್ಕವೇ ಬೇರೆ. ಅಲ್ಲಿ ಜೀಪಿಲ್ಲ, ಟ್ರೈಪಾಡ್ ಊರಲು ಸಮತಟ್ಟಾದ ಜಾಗವೂ ಇಲ್ಲ. ಗೊರಿಲ್ಲಾ ಹತ್ತಿರದಲ್ಲೇ ಸಿಗುತ್ತದೆ; ಸಿಗದಿರುವುದು ಬೆಳಕು. ಇದು ಮನಸ್ಸಿಗೆ ಇಳಿಯದೆ ನಾನು ಎರಡು ಕಿಲೋ ತೂಕದ 150-600 ಮಿ.ಮೀ. ಲೆನ್ಸನ್ನು (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಕಾಡಿನೊಳಕ್ಕೂ ಹೊರಿಸಿಕೊಂಡು ಹೋದೆ. ಗೊರಿಲ್ಲಾಗಳ ಜೊತೆ ಇದ್ದ ಅಷ್ಟೂ ಹೊತ್ತು ಅದು ಬ್ಯಾಗಿನಿಂದ ಹೊರಗೆ ಬರಲಿಲ್ಲ.

ನಾವು ಹೋದದ್ದು ಫೆಬ್ರವರಿಯಲ್ಲಿ, ಬುಹೋಮಾ ಭಾಗಕ್ಕೆ. ಜೂನ್‌ನಿಂದ ಆಗಸ್ಟ್, ಡಿಸೆಂಬರ್‌ನಿಂದ ಫೆಬ್ರವರಿ ಅಲ್ಲಿ ಮಳೆ ಕಡಿಮೆ ಇರುವ ತಿಂಗಳುಗಳು. ಕಡಿಮೆ ಎಂದೆ, ಇಲ್ಲ ಎನ್ನಲಿಲ್ಲ. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟು ಜನ ಮಾತ್ರ. ಕಂಡ ಮೇಲೆ ಸಿಗುವುದು ಒಂದೇ ಗಂಟೆ. ಪರ್ಮಿಟ್‌ಗೆ ತಲೆಗೆ 800 ಡಾಲರ್ ಕೊಟ್ಟೆವು. ಪಕ್ಕದ ರುವಾಂಡಾದಲ್ಲಿ 1500. ಪರ್ಮಿಟ್ ತಿಂಗಳುಗಳ ಮೊದಲೇ ಮಾಡಿಸಿಕೊಳ್ಳಿ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ, ಅದನ್ನೂ ಕೊನೆಗೆ ಉಳಿಸಿಕೊಳ್ಳಬೇಡಿ.

ನಮಗೆ ಗೊರಿಲ್ಲಾ ಸಿಕ್ಕಿದ್ದು ಸುಮಾರು ಮೂರು ಗಂಟೆ ನಡೆದ ಮೇಲೆ. ಕೆಲವರಿಗೆ ಒಂದು ಗಂಟೆಯಲ್ಲೇ ಸಿಗುತ್ತವೆ, ಕೆಲವರು ಸಂಜೆಯವರೆಗೆ ನಡೆಯುತ್ತಾರೆ. ಕೆಸರು, ಕಡಿದಾದ ಇಳಿಜಾರು, ಮುಟ್ಟಿದರೆ ಉರಿಯುವ ತುರಿಕೆ ಗಿಡ. ತೋಟದ ಕೆಲಸದ ಕೈಗವಸು ಒಯ್ದಿದ್ದು ನಾನು ಮಾಡಿದ ಒಳ್ಳೆಯ ಕೆಲಸ. ಪೋರ್ಟರ್ ಬೇಡ ಎನ್ನಬೇಡಿ. ಬ್ಯಾಗ್ ಹೊರುವುದಲ್ಲದೆ ಜಾರುವ ಕಡೆ ಕೈ ಹಿಡಿದು ಹತ್ತಿಸುವವರು ಅವರೇ. ಕಾಡಂಚಿನ ಊರಿನವರಿಗೆ ಗೊರಿಲ್ಲಾಗಳಿಂದ ನೇರವಾಗಿ ಸಿಗುವ ದುಡಿಮೆಯೂ ಅದೇ.

ಮುಖ್ಯವಾದ ವಿಷಯ ಇದು: ಗೊರಿಲ್ಲಾಗಳು ಹತ್ತಿರ ಇವೆ ಎಂದಾಗ ಗೈಡ್ ನಿಲ್ಲಿಸಿ ಬ್ಯಾಗು, ಊರುಗೋಲು ಎಲ್ಲವನ್ನೂ ಅಲ್ಲೇ ಬಿಡಿಸುತ್ತಾರೆ. ಮಾಸ್ಕ್ ಹಾಕಿಕೊಳ್ಳಬೇಕು, ಯಾಕೆಂದರೆ ನಮ್ಮ ನೆಗಡಿ ಕೆಮ್ಮು ಅವುಗಳಿಗೆ ಜೀವಕ್ಕೇ ಬರಬಹುದು. ಅಲ್ಲಿಂದ ಮುಂದೆ ಮೈಮೇಲೆ ಇದ್ದದ್ದಷ್ಟೇ ನಿಮ್ಮದು. ಹೆಚ್ಚುವರಿ ಬ್ಯಾಟರಿ, ಕಾರ್ಡ್, ಲೆನ್ಸ್ ಒರೆಸುವ ಬಟ್ಟೆ ಜೇಬಿನಲ್ಲಿರಲಿ. ಕನ್ನಡಕ ಹಾಕುವವರು ಮಾಸ್ಕನ್ನು ಮೂಗಿನ ಹತ್ತಿರ ಬಿಗಿಯಾಗಿ ಒತ್ತಿಕೊಳ್ಳಿ, ಇಲ್ಲದಿದ್ದರೆ ವ್ಯೂಫೈಂಡರ್ ಕೂಡ ಮಂಜಾಗುತ್ತದೆ.

ನನ್ನ ಆಯ್ಕೆ ಈಗ ಖಚಿತ: ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, ಎಫ್ 2.8ರ 70-200 ಲೆನ್ಸ್. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ. ಜೊತೆಗಿದ್ದ ಗೆಳೆಯರ ಬಳಿ 100-400 ಇತ್ತು. ಒಳ್ಳೆಯ ಲೆನ್ಸೇ, ಆದರೆ ಎಫ್ 5.6ರಲ್ಲಿ ಅವರ ಐಎಸ್‌ಒ (ಬೆಳಕು ಸಾಲದಾಗ ಏರಿಸುವ ಸಂವೇದನೆ, ಏರಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 12800 ದಾಟಿತು. ಅದೇ ನೆರಳಿನಲ್ಲಿ ನಾನು 3200ರಲ್ಲಿದ್ದೆ. ಹತ್ತು ಮೀಟರ್ ಅಂತರ ಕಾಯಬೇಕೆಂಬ ನಿಯಮವಿದೆ, ಆದರೆ ಗೊರಿಲ್ಲಾಗಳು ಅದನ್ನು ಕಾಯುವುದಿಲ್ಲ. ಮರಿ ಹೊತ್ತ ತಾಯಿಯೊಂದು ನಮ್ಮತ್ತಲೇ ನಡೆದು ಬಂತು. ಗೈಡ್ ನಮ್ಮನ್ನು ಹಿಂದೆ ಸರಿಸುತ್ತಿದ್ದರೂ 70ರಲ್ಲಿ ಅದರ ಮೈ ಫ್ರೇಮಿಗೆ ಹಿಡಿಸಲಿಲ್ಲ. ಆ ಕ್ಷಣ ಉಳಿಸಿದ್ದು ಜೇಬಿನಲ್ಲಿದ್ದ ಫೋನು. ಎರಡನೇ ಕ್ಯಾಮೆರಾ ಇದ್ದರೆ ಅದರಲ್ಲಿ 24-70 ಇರಲಿ. ಎಲೆಗಳಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ ಲೆನ್ಸ್ ಬದಲಿಸಲು ಹೋಗಬೇಡಿ.

ಕಪ್ಪು ರೋಮ ಕ್ಯಾಮೆರಾದ ಬೆಳಕಿನ ಅಳತೆಯನ್ನು ದಾರಿ ತಪ್ಪಿಸುತ್ತದೆ. ಫ್ರೇಮಿನ ತುಂಬ ಕಪ್ಪಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ಎಳೆಯುತ್ತದೆ, ಸುತ್ತಲ ಎಲೆಗಳು ಬೆಳ್ಳಗಾಗುತ್ತವೆ. ಎಕ್ಸ್‌ಪೋಶರನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ) ಇಳಿಸಿಕೊಳ್ಳಿ. ಗೊರಿಲ್ಲಾ ಮರದ ಮೇಲಿದ್ದು ಹಿಂದೆ ಆಕಾಶ ಕಂಡರೆ ಇದಕ್ಕೆ ಉಲ್ಟಾ, ಏರಿಸಬೇಕು. ರಾ ಫೈಲಿನಲ್ಲೇ (ಆಮೇಲೆ ಬೆಳಕು ತಿದ್ದಲು ಅವಕಾಶವಿರುವ ಕಚ್ಚಾ ಫೈಲು) ತೆಗೆಯಿರಿ. ಎದುರಿನ ಎಲೆ, ಬಳ್ಳಿಗಳಿಗೆ ಫೋಕಸ್ ಸಿಕ್ಕಿಹಾಕಿಕೊಳ್ಳುವುದರಿಂದ ಒಂದೇ ಬಿಂದುವನ್ನು ಆರಿಸಿ ಕಣ್ಣಿನ ಮೇಲೆ ಇಡಿ. ಮೂಗಿನ ಸುತ್ತಲ ಗೆರೆಗಳೂ ಸ್ಪಷ್ಟವಾಗಿ ಬರಲಿ. ಪ್ರತಿ ಗೊರಿಲ್ಲಾಕ್ಕೂ ಆ ಗೆರೆ ಬೇರೆ ಬೇರೆ, ಗುರುತು ಹಿಡಿಯುವುದೇ ಅದರಿಂದ. ಫ್ಲ್ಯಾಶ್ ನಿಷಿದ್ಧ ಎಂದು ಎಲ್ಲರಿಗೂ ಗೊತ್ತು. ಕತ್ತಲಲ್ಲಿ ಫೋಕಸ್‌ಗೆಂದು ತಾನಾಗಿ ಹತ್ತುವ ಪುಟ್ಟ ದೀಪವನ್ನು ಆರಿಸಲು ಮರೆಯುವವರೇ ಹೆಚ್ಚು. ಅದನ್ನು ಲಾಡ್ಜ್‌ನಲ್ಲೇ ಆಫ್ ಮಾಡಿ. ಸದ್ದಿಲ್ಲದ ಶಟರ್ ಇದ್ದರೆ ಅದನ್ನೇ ಬಳಸಿ.

ಕಂಡ ಕೂಡಲೇ ಒತ್ತುತ್ತಾ ಹೋಗಬೇಡಿ. ನನ್ನ ಮೊದಲ ನಲವತ್ತು ಚಿತ್ರಗಳಲ್ಲಿ ಇರುವುದು ಬರೀ ಬೆನ್ನು. ಬೆಳಕು ಯಾವ ಕಡೆಯಿಂದ ಇಳಿಯುತ್ತಿದೆ, ಬೆಳ್ಳಿಬೆನ್ನಿನ ಗಂಡು ಯಾವ ಗಿಡದತ್ತ ಸಾಗುತ್ತಿದೆ ಎಂದು ನೋಡಿ ಮೊದಲೇ ಸರಿದು ನಿಂತರೆ ಮುಖ ಸಿಗುತ್ತದೆ. ಗೈಡ್‌ಗೆ ಹೇಳಿದರೆ ಅಡ್ಡವಿರುವ ಬಳ್ಳಿಯನ್ನು ಮಚ್ಚಿನಿಂದ ಸರಿಸಿಕೊಡುತ್ತಾರೆ. ಅವರು ಗಂಟಲಲ್ಲಿ ಮೆಲ್ಲಗೆ ಗುರುಗುಟ್ಟುವುದು ಗೊರಿಲ್ಲಾಗಳಿಗೆ ‘ಭಯವಿಲ್ಲ’ ಎಂದು ತಿಳಿಸಲು. ಆ ಸದ್ದು ಕೇಳಿದಾಗ ನೀವೂ ನಿಧಾನವಾಗಿ.

ಹಾಗಂತ ಉದ್ದನೆಯ ಲೆನ್ಸನ್ನು ಮನೆಯಲ್ಲೇ ಬಿಟ್ಟು ಹೋಗಿ ಎನ್ನುವುದಿಲ್ಲ. ಬುಹೋಮಾದಿಂದ ಉತ್ತರಕ್ಕೆ ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನವಿದೆ. ಅದರ ಇಶಾಶಾ ಭಾಗದಲ್ಲಿ ಸಿಂಹಗಳು ಅಂಜೂರದ ಮರ ಹತ್ತಿ ಮಲಗುತ್ತವೆ, ಕಜಿಂಗಾ ಕಾಲುವೆಯಲ್ಲಿ ದೋಣಿಯಿಂದ ನೀರಾನೆ, ಮಿಂಚುಳ್ಳಿಗಳು ಸಿಗುತ್ತವೆ. ನನ್ನ 150-600ಕ್ಕೆ ಕೆಲಸ ಸಿಕ್ಕಿದ್ದು ಅಲ್ಲಿ. ಗೊರಿಲ್ಲಾ ದಿನ ಮಾತ್ರ ಅದನ್ನು ಲಾಡ್ಜ್‌ನಲ್ಲಿ ಬೀಗ ಹಾಕಿ ಇಟ್ಟು ಹೋಗಿ.