ಸಾಕೆಟ್‌ಗೆ ಕೂತರೆ ಸಾಕಾ?

ನೂರು ವಾಟ್‌ನ ಗಿಟಾರ್ ಹೆಡ್‌ಗೆ, ಅಂದರೆ ಸ್ಪೀಕರ್ ಬೇರೆ ಇರುವ ಆಂಪ್ಲಿಫೈಯರ್‌ಗೆ, ಪವರ್ ಟ್ಯೂಬ್ (ಸ್ಪೀಕರ್ ಓಡಿಸುವ ಗಾಜಿನ ವಾಲ್ವ್) ಬೇಕು ಅಂತ ಇಂಡೆಂಟ್ ಹಾಕಿದ್ದೆ. ಇಎಲ್34 ಮಾದರಿ, ಮ್ಯಾಚ್ಡ್ ಕ್ವಾಡ್ (ಒಂದಕ್ಕೊಂದು ಹೊಂದುವ ನಾಲ್ಕರ ಸೆಟ್) ಅಂತ ದಪ್ಪ ಅಕ್ಷರದಲ್ಲೇ ಬರೆದಿದ್ದೆ. ಪರ್ಚೇಸ್‌ನವರು ತರಿಸಿದ್ದು 6ಎಲ್6ಜಿಸಿ ಅನ್ನುವ ಬೇರೆ ಮಾದರಿ. ಇಎಲ್34 ಸ್ಟಾಕ್ ಇಲ್ಲವಂತೆ, ಇದಕ್ಕೆ ರೇಟೂ ಕಡಿಮೆಯಂತೆ. "ಬೇಸ್ ಒಂದೇ ಸರ್, ಕೂರತ್ತಲ್ವಾ?" ಅನ್ನುವುದು ಅವರ ವಾದ.

ಕೂರುತ್ತದೆ. ಎರಡೂ ಎಂಟು ಪಿನ್ನಿನ ಆಕ್ಟಲ್ ಬೇಸ್. ತೊಂದರೆ ಶುರುವಾಗುವುದೇ ಅಲ್ಲಿಂದ.

ನಮ್ಮದು ಬೆಂಗಳೂರಿನಲ್ಲಿ ಬ್ಯಾಕ್‌ಲೈನ್ (ಸ್ಟೇಜ್ ಮೇಲೆ ಬೇಕಾಗುವ ಆಂಪ್, ಡ್ರಮ್ ಥರದ ಸಾಮಾನು) ಬಾಡಿಗೆಗೆ ಕೊಡುವ ಕಂಪನಿ. ಆಂಪ್ ಯಾವುದೇ ಇರಲಿ, ಬೆಂಚಿನ ಮೇಲೆ ಒಮ್ಮೆ ಆನ್ ಆಗಿ, ಬಯಾಸ್ (ಮೈನಸ್ ವೋಲ್ಟೇಜ್ ಕೊಟ್ಟು, ಟ್ಯೂಬ್ ಸುಮ್ಮನಿರುವಾಗ ಎಳೆಯುವ ಕರೆಂಟ್ ಮಿತಿಯಲ್ಲಿಡುವ ಸೆಟ್ಟಿಂಗ್) ನೋಡಿಸಿಕೊಂಡೇ ಲಾರಿ ಹತ್ತಬೇಕು. ಸೀಸನ್‌ನಲ್ಲಿ ಅದು ನಡೆಯುವುದಿಲ್ಲ. ಈ ಬಾಕ್ಸ್ ಗೋಡೌನ್‌ನಿಂದ ನೇರವಾಗಿ ಕಾಲೇಜ್ ಫೆಸ್ಟ್‌ನ ಮೈದಾನಕ್ಕೆ ಹೋಯಿತು. ನಮ್ಮ ಹುಡುಗ ಅಲ್ಲೇ ಹಳೇ ಟ್ಯೂಬ್ ತೆಗೆದು ಹೊಸದು ಹಾಕಿದ. ನಾನು ಬೇರೆ ಸೈಟ್ ಮುಗಿಸಿ ಬರುವಷ್ಟರಲ್ಲಿ ಸೌಂಡ್‌ಚೆಕ್‌ಗೆ ಎಲ್ಲ ರೆಡಿ.

ಸ್ಟ್ಯಾಂಡ್‌ಬೈ (ಟ್ಯೂಬ್ ಬಿಸಿಯಾಗೇ ಇಟ್ಟು ಹೈ ವೋಲ್ಟೇಜ್ ಮಾತ್ರ ತಡೆಯುವ ಸ್ವಿಚ್) ತೆಗೆದ ಮೇಲೆ ಸ್ವಲ್ಪ ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ಗಿಟಾರಿಸ್ಟ್ ಒಂದು ಕಾರ್ಡ್ ಹೊಡೆದ, ಚೆನ್ನಾಗಿಯೇ ಕೇಳಿಸಿತು. ಆಮೇಲೆ ಹುಡುಗ ಆಂಪ್‌ನ ಹಿಂದಿನಿಂದ ಕೂಗಿದ. "ಅಣ್ಣಾ, ಇದರ ಬಣ್ಣ ಒಂಥರಾ ಇದೆ, ನೋಡಿ ಬನ್ನಿ."

ಟ್ಯೂಬ್ ಒಳಗೆ ಕಿತ್ತಳೆ ಬೆಳಕು ಕಾಣುವುದು ಮಾಮೂಲು, ಅದು ಒಳಗೆ ಕಾಯುವ ತಂತಿ, ಹೀಟರ್. ಇಲ್ಲಿ ಅದಲ್ಲ. ಸುತ್ತ ಇರುವ ಬೂದು ಬಣ್ಣದ ಪ್ಲೇಟ್ ಇದೆಯಲ್ಲ, ಅದರ ಅಂಚಿನಲ್ಲಿ ಉಗುರಿನಷ್ಟು ಅಗಲ ಮಂಕು ಕೆಂಪು. ನೋಡನೋಡುತ್ತಿದ್ದಂತೆ ಅದು ಅಡ್ಡಕ್ಕೆ ಹರಡುತ್ತಿತ್ತು. ಗುಂಯ್ ಅನ್ನುವ ಹಮ್ ಜಾಸ್ತಿಯಾಗುತ್ತಿತ್ತು. ಬಿಸಿ ಧೂಳಿನ ವಾಸನೆ. ಸ್ಟ್ಯಾಂಡ್‌ಬೈ ಒತ್ತಿದೆ. ಕೆಂಪು ಆರಲು ಕೆಲವು ಸೆಕೆಂಡ್ ಹಿಡಿಯಿತು. ಆ ಕೆಲವು ಸೆಕೆಂಡ್ ತುಂಬ ಉದ್ದ ಅನ್ನಿಸಿತು.

ನಾಲ್ಕು ಟ್ಯೂಬ್ ಎರಡೆರಡರ ಎರಡು ಬದಿಯಾಗಿ ಸರದಿಯಲ್ಲಿ ದುಡಿಯುತ್ತವೆ, ಇದಕ್ಕೆ ಪುಶ್-ಪುಲ್ ಅಂತಾರೆ. ಮೊದಲು ಕೆಂಪಾಗಿದ್ದು ಒಂದೇ ಬದಿಯ ಎರಡು ಟ್ಯೂಬ್. ಹಾಗಾಗಿ ಆ ಬದಿಯ ಕಪ್ಲಿಂಗ್ ಕೆಪಾಸಿಟರ್ (ಸಿಗ್ನಲ್ ಬಿಟ್ಟು ಡಿಸಿ ತಡೆಯುವ ಭಾಗ) ಲೀಕ್ ಆಗಿ, ಟ್ಯೂಬ್‌ನ ಕರೆಂಟ್ ಹಿಡಿತದಲ್ಲಿಡುವ ಜಾಲರಿಗೆ, ಅಂದರೆ ಗ್ರಿಡ್‌ಗೆ, ಡಿಸಿ ಬರುತ್ತಿದೆ ಅಂದುಕೊಂಡೆ. ಇಂಥ ಹೆಡ್‌ಗಳಲ್ಲಿ ಇದು ಆಗುವಂಥದ್ದೇ. ಖಾತ್ರಿ ಮಾಡಿಕೊಳ್ಳಲು ಆ ಎರಡನ್ನು ಈ ಬದಿಗೆ, ಇವನ್ನು ಆ ಬದಿಗೆ ಹಾಕಿದೆವು. ಕೆಂಪು ಸಾಕೆಟ್‌ನಲ್ಲೇ ಉಳಿದರೆ ಸರ್ಕ್ಯೂಟ್‌ನ ತಪ್ಪು, ಟ್ಯೂಬ್ ಜೊತೆ ಹೋದರೆ ಟ್ಯೂಬ್‌ನ ತಪ್ಪು. ಮತ್ತೆ ಆನ್ ಮಾಡಿದರೆ ನಾಲ್ಕೂ ಒಟ್ಟಿಗೆ ಕೆಂಪು! ಒಂದರ ಗಾಜನ್ನು ಟಾರ್ಚ್‌ಗೆ ಹಿಡಿದು ನೋಡಿದಾಗಲೇ ಅದರ ಮೇಲಿನ ಪ್ರಿಂಟ್ ಕಾಣಿಸಿದ್ದು. 6ಎಲ್6ಜಿಸಿ.

ಟ್ಯೂಬ್‌ಗಳದ್ದು ಏನೂ ತಪ್ಪಿಲ್ಲ. ಈ ಹೆಡ್‌ನಲ್ಲಿ ಪ್ಲೇಟ್ ವೋಲ್ಟೇಜ್ ಸುಮಾರು 470. ಗ್ರಿಡ್‌ಗೆ ಮೈನಸ್ 38 ವೋಲ್ಟ್ ಕೊಟ್ಟರೆ ಇಎಲ್34 ಆರಾಮಾಗಿ 37 ಮಿಲಿಆಂಪ್ ಎಳೆದುಕೊಂಡು ಕೂರುತ್ತದೆ. 6ಎಲ್6ಗೆ ಅದೇ ಮೈನಸ್ 38 ಸಾಲದು, 50ರ ಹತ್ತಿರ ಬೇಕು. ಸಾಲದಿದ್ದರೆ ಅದು ಕರೆಂಟ್ ಎಳೆಯುತ್ತಲೇ ಹೋಗುತ್ತದೆ. ಆಮೇಲೆ ಬೆಂಚಿನಲ್ಲಿ ಅಳೆದಾಗ ಒಂದೊಂದು ಟ್ಯೂಬೂ 80 ಮಿಲಿಆಂಪ್ ದಾಟುತ್ತಿತ್ತು. 470ಕ್ಕೆ ಗುಣಿಸಿ, 37 ವಾಟ್‌ಗಿಂತ ಜಾಸ್ತಿ. 6ಎಲ್6ಜಿಸಿ ಪ್ಲೇಟ್ ತಡೆಯುವುದು 30 ವಾಟ್. ಕೆಂಪಾಗದೆ ಇನ್ನೇನಾಗುತ್ತದೆ?

ಮೈದಾನದಲ್ಲೇ ಬಯಾಸ್ ಟ್ರಿಮ್ಮರ್ (ಬಯಾಸ್ ಹೊಂದಿಸುವ ಸಣ್ಣ ತಿರುಪು) ಕೊನೇವರೆಗೂ ತಿರುಗಿಸಿದೆ. ಮೈನಸ್ 43ಕ್ಕೆ ನಿಂತುಬಿಟ್ಟಿತು. ಈ ಹೆಡ್‌ನ ಬಯಾಸ್ ಸಪ್ಲೈ ಇಎಲ್34ಗೆ ಅಂತಲೇ ಮಾಡಿದ್ದು. ರೆಸಿಸ್ಟರ್ ಬದಲಾಯಿಸದೆ ಅದರಾಚೆ ಹೋಗುವುದಿಲ್ಲ. ಮೈದಾನದಲ್ಲಿ ಚಾಸಿ ಬಿಚ್ಚಿ ಬೆಸುಗೆ ಹಾಕುವ ಪುರುಸೊತ್ತು ಯಾರಿಗಿದೆ? ಗೇಟ್ ಆಗಲೇ ತೆಗೆದಿದ್ದರು.

ಪುಣ್ಯಕ್ಕೆ ಹುಡುಗ ಹಳೇ ಇಎಲ್34ಗಳನ್ನು ಎಸೆದಿರಲಿಲ್ಲ, ಅದೇ ಬಾಕ್ಸ್‌ನಲ್ಲಿ ಇಟ್ಟಿದ್ದ. ಒಂದರ ಒಳಗೆ ಗೆಟರ್‌ನ (ಒಳಗೆ ಉಳಿದ ಗಾಳಿ ಹೀರುವ ಲೇಪ) ಬೆಳ್ಳಿ ಬಣ್ಣ ಹೋಗಿ ಪೂರ್ತಿ ಬೆಳ್ಳಗಾಗಿತ್ತು. ಅಂದರೆ ಗಾಳಿ ಹೊಕ್ಕಿದೆ, ಅದು ಮುಗಿದ ಕಥೆ. ಉಳಿದವುಗಳಲ್ಲಿ ಬಯಾಸ್ ಪ್ರೋಬ್ (ಟ್ಯೂಬ್ ಎಳೆಯುವ ಕರೆಂಟ್ ಅಳೆಯುವ ಸಾಧನ) ಇಟ್ಟು, ಒಂದಕ್ಕೊಂದು ಹತ್ತಿರ ಇದ್ದ ಎರಡನ್ನು ಆರಿಸಿದೆ. ಹೊರಗಿನ ಎರಡು ಸಾಕೆಟ್ ಖಾಲಿ ಬಿಟ್ಟು ಒಳಗಿನ ಎರಡಕ್ಕೆ ಹಾಕಿದೆ. ಪುಶ್-ಪುಲ್‌ನ ಒಂದೊಂದು ಬದಿಗೆ ಒಂದೊಂದು ಬಂತು. ಟ್ಯೂಬ್ ಅರ್ಧವಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಡೆಯಿಂದ ಅವಕ್ಕೆ ಎರಡರಷ್ಟು ಇಂಪೆಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಕಾಣಬೇಕು. ಅದಕ್ಕೆ ಸ್ಪೀಕರ್ ಕ್ಯಾಬಿನೆಟ್ 16 ಓಮ್ ಇದ್ದರೂ ಹೆಡ್‌ನ ಓಮ್ ಸೆಲೆಕ್ಟರ್ 8ಕ್ಕೆ ಇಟ್ಟೆ. ಬಯಾಸ್ ಮತ್ತೆ ನೋಡಿದೆ, ಯಾಕೆಂದರೆ ಕರೆಂಟ್ ಎಳೆಯುವ ಟ್ಯೂಬ್ ಕಮ್ಮಿಯಾದ ಮೇಲೆ ಪ್ಲೇಟ್ ವೋಲ್ಟೇಜ್ ಏರಿತ್ತು. ನೂರು ವಾಟ್ ಐವತ್ತಾಯಿತು. ಅದು ಬರೀ 3 ಡಿಬಿ ವ್ಯತ್ಯಾಸ. ಹೇಗೂ ಕ್ಯಾಬಿನೆಟ್ ಮುಂದೆ ಮೈಕ್ ಇತ್ತು. ಷೋ ನಡೆಯಿತು.

ಮಾರನೇ ದಿನ ಆಫೀಸಿನಲ್ಲಿ ಕೇಳಿದ ಪ್ರಶ್ನೆ: "ಹಾಗಾದರೆ ಯಾವ ಟ್ಯೂಬ್ ಒಳ್ಳೇದು?" ಈ ಪ್ರಶ್ನೆಯೇ ಸರಿಯಿಲ್ಲ. ಆಂಪ್‌ನ ಕೈಯಲ್ಲಿ ಏನಾಗುತ್ತದೆ ಅಂತ ಮೊದಲು ಕೇಳಬೇಕು. ಇಎಲ್34 ಹೀಟರ್‌ಗೆ 1.5 ಆಂಪಿಯರ್ ಬೇಕು, 6ಎಲ್6ಗೆ 0.9 ಸಾಕು. ನಾಲ್ಕು 6ಎಲ್6 ಇರುವ ಅಮೆರಿಕನ್ ಕಾಂಬೋಗೆ (ಸ್ಪೀಕರ್ ಜೊತೆಯಲ್ಲೇ ಇರುವ ಆಂಪ್) "ಬ್ರಿಟಿಷ್ ಸೌಂಡ್ ಬೇಕು" ಅಂತ ಇಎಲ್34 ಹಾಕಿದರೆ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ 2.4 ಆಂಪಿಯರ್ ಹೆಚ್ಚಿನ ಹೊರೆ. ಇನ್ನೂ ಒಂದಿದೆ. 6ಎಲ್6ನಲ್ಲಿ ಒಂದನೇ ಪಿನ್‌ಗೆ ಒಳಗೆ ಕೆಲಸವಿಲ್ಲ. ಅದಕ್ಕೇ ಹಳೇ ಅಮೆರಿಕನ್ ವೈರಿಂಗ್‌ನಲ್ಲಿ ಗ್ರಿಡ್‌ನ 1.5ಕೆ ರೆಸಿಸ್ಟರ್‌ನ ಒಂದು ತುದಿಯನ್ನು ಅಲ್ಲಿಗೆ ಬೆಸೆದಿರುತ್ತಾರೆ. ಇಎಲ್34ನಲ್ಲಿ ಅದೇ ಪಿನ್ ಸಪ್ರೆಸರ್ ಗ್ರಿಡ್ ಅನ್ನುವ ಇನ್ನೊಂದು ಜಾಲರಿಯದು. ಅದು ಎಂಟನೇ ಪಿನ್‌ಗೆ, ಅಂದರೆ ಎಲೆಕ್ಟ್ರಾನ್ ಹೊರಡುವ ಕ್ಯಾಥೋಡ್‌ಗೆ ಸೇರಿರಬೇಕು. ಸಾಕೆಟ್ ಬಿಚ್ಚಿ ನೋಡದೆ ಹಾಕಿದರೆ ಸಿಗ್ನಲ್ಲೂ ಬಯಾಸೂ ಹೋಗಬಾರದ ಜಾಗಕ್ಕೆ ಹೋಗುತ್ತವೆ.

ಇದೆಲ್ಲ ಆದ ಮೇಲೆ ಸೌಂಡ್ ವಿಷಯ. ವ್ಯತ್ಯಾಸ ಇದೆ, ನಾನು ಇಲ್ಲ ಅನ್ನುವುದಿಲ್ಲ. ಇಎಲ್34 ಮಿಡ್‌ನಲ್ಲಿ (ನಡು ಸ್ವರಗಳಲ್ಲಿ) ಮುಂದೆ ಬರುತ್ತದೆ, ಜೋರು ಮಾಡಿದರೆ ಸೌಂಡ್ ಬೇಗ ಒಡೆಯುತ್ತದೆ. 6ಎಲ್6 ಹೆಚ್ಚು ಹೊತ್ತು ಕ್ಲೀನ್ ಉಳಿಯುತ್ತದೆ, ತಗ್ಗು ಸ್ವರ ಗಟ್ಟಿ. ಆದರೆ ಒಂದೇ ಹೆಡ್‌ಗೆ ಬೇರೆ ಸ್ಪೀಕರ್ ಹಾಕಿ ಕೇಳಿ. ಟ್ಯೂಬ್ ಬದಲಾಯಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಬದಲಾವಣೆ ಕಿವಿಗೆ ಸಿಗುತ್ತದೆ. ಬಾಡಿಗೆ ಆಂಪ್‌ಗೆ ನಾನು ಆರಿಸುವುದು ತಾಳಿಕೆ ಬರುವ ಟ್ಯೂಬ್.

ಬಯಾಸ್ ಕೂಡ ಹಾಗೆಯೇ. ಎಲ್ಲರೂ ಹೇಳುವುದು ಪ್ಲೇಟ್ ರೇಟಿಂಗ್‌ನ 70 ಪರ್ಸೆಂಟ್. ಇಎಲ್34ಗೆ 25ರಲ್ಲಿ 17.5 ವಾಟ್. ನಾನು 60 ಪರ್ಸೆಂಟ್‌ನ ಸುಮಾರಿಗೆ ಇಡುತ್ತೇನೆ. ನನ್ನ ಬೆಂಚಿನಲ್ಲಿ ಮಧ್ಯಾಹ್ನ 225 ವೋಲ್ಟ್ ಇರುತ್ತದೆ, ಮೈದಾನದ ಜನರೇಟರ್‌ನಲ್ಲಿ 245 ಕಂಡಿದ್ದೇನೆ. ಪ್ಲೇಟ್ ವೋಲ್ಟೇಜ್, ಹೀಟರ್ ಎರಡೂ ಅದರ ಜೊತೆಗೇ ಏರುತ್ತವೆ. ಸ್ವಲ್ಪ ತಣ್ಣಗೆ ಇಟ್ಟರೆ ಯಾವ ಗಿಟಾರಿಸ್ಟೂ ದೂರು ಹೇಳಿಲ್ಲ.

ಟ್ಯೂಬ್ ಸಿಗುವುದು ಕಷ್ಟ ಅನ್ನುವ ಪರ್ಚೇಸ್‌ನವರ ಮಾತಿನಲ್ಲಿ ನಿಜ ಇದೆ. ಇವತ್ತು ಗಿಟಾರ್ ಆಂಪ್‌ನ ಪವರ್ ಟ್ಯೂಬ್‌ಗಳು ಬಹುಪಾಲು ಬರುವುದು ರಷ್ಯಾದ ಸರಾಟೋವ್, ಸ್ಲೊವಾಕಿಯಾ, ಚೀನಾ, ಈ ಮೂರೇ ಕಡೆಯಿಂದ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತು ತಡೆದಾಗ ರೇಟ್ ಹೇಗೆ ಏರಿತು ಅಂತ ನಾವೆಲ್ಲ ನೋಡಿದ್ದೇವೆ. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಿಂದಲೇ ರೇಡಿಯೋ ವಾಲ್ವ್ ಮಾಡುತ್ತಿತ್ತು ಅನ್ನುವುದು ನೆನಪಾದರೆ ಬೇಜಾರಾಗುತ್ತದೆ. ಆದರೆ ಸಿಗುವುದಿಲ್ಲ ಅಂದರೆ ಮೊದಲೇ ತರಿಸಿ ಇಡಬೇಕು. ಸಿಕ್ಕಿದ್ದನ್ನು ಹಾಕುವುದಲ್ಲ.

ಸ್ಟಾಕ್ ಸಾಫ್ಟ್‌ವೇರ್‌ನಲ್ಲಿ ಇಎಲ್34, 6ಎಲ್6, ಇಎಲ್84 ಎಲ್ಲವೂ ಇನ್ನೂ "ಪವರ್ ಟ್ಯೂಬ್" ಅನ್ನುವ ಒಂದೇ ಐಟಂ. ಬೇರೆ ಬೇರೆ ಕೋಡ್ ಕೊಡಿ, ಪ್ರತಿ ಲಾರಿಗೂ ಒಂದು ಬಯಾಸ್ ಪ್ರೋಬ್ ಕೊಡಿ ಅಂತ ಬರೆದು ಕೊಟ್ಟಿದ್ದೇನೆ. ಪ್ರೋಬ್‌ಗೆ ಒಪ್ಪಿದ್ದಾರೆ. ಕೋಡ್‌ಗೆ ಹೆಡ್ ಆಫೀಸ್ ಅಪ್ರೂವಲ್ ಬೇಕಂತೆ. ಅಲ್ಲಿಯವರೆಗೆ ಪ್ರತಿ ಹೆಡ್‌ನ ಹಿಂಬದಿಗೆ ಟೇಪ್ ಅಂಟಿಸಿ, ಯಾವ ಟ್ಯೂಬ್, ಎಷ್ಟು ಮಿಲಿಆಂಪ್ ಅಂತ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ.