ಜೆಡಬ್ಲ್ಯೂ ಕ್ಯಾಡ್ ಓಡಿತು, ಕನ್ನಡಕ್ಕೆ ಇನ್ನೂ ಜಾಗವಾಗಿಲ್ಲ

ಜಪಾನಿ ಮೆನುಗಳು ಕೊನೆಗೂ ಸರಿಯಾಗಿ ಮೂಡಿವೆ. ಜೆಡಬ್ಲ್ಯೂ ಕ್ಯಾಡ್ ಶಿರಸಿಯ ನಮ್ಮ ಮನೆಯ ವಿಂಡೋಸ್ 10 ಕಂಪ್ಯೂಟರಿನಲ್ಲಿ ಓಡುತ್ತಿದೆ. ಬಹಳ ಸಂತೋಷವಾಗಿದೆ!

ಇದು ಎರಡು ಆಯಾಮದ ನಕ್ಷೆ ಬಿಡಿಸುವ ಉಚಿತ ತಂತ್ರಾಂಶ. ಜಪಾನಿನ ಕಟ್ಟಡ ಕೆಲಸದವರು ಹೆಚ್ಚಾಗಿ ಬಳಸುವಂಥದ್ದು. ಅಲ್ಲಿನ ಮರದ ಕೂಡಿಕೆಗಳ ನಕ್ಷೆಗಳು ನನಗೆ ಸಿಕ್ಕಿದ್ದು ಇದರದ್ದೇ ಕಡತಗಳಾಗಿ. ನಮ್ಮ ಹಂಚಿನ ಮನೆಯ ತೊಲೆ, ಪಕಾಸು, ಜಗಲಿಯ ಕಂಬಗಳನ್ನು ಅಳತೆ ಸಮೇತ ಬಿಡಿಸಿ, ಆ ಕೂಡಿಕೆಗಳ ಪಕ್ಕದಲ್ಲಿಟ್ಟು ನೋಡುವ ಆಸೆ.

ತೊಡಕು ಇದ್ದದ್ದು ಕೋಡ್ ಪುಟದಲ್ಲಿ, ಅಂದರೆ ಯಾವ ಸಂಖ್ಯೆ ಯಾವ ಅಕ್ಷರ ಎಂದು ಹೇಳುವ ಪಟ್ಟಿಯಲ್ಲಿ. ಎಲ್ಲ ಲಿಪಿಗಳಿಗೂ ಒಂದೇ ಆದ ಯುನಿಕೋಡ್ ಪದ್ಧತಿ ಬಳಸದ ಹಳೆಯ ಜಪಾನಿ ತಂತ್ರಾಂಶಗಳಿಗೆ ಬೇಕಾದದ್ದು 932ನೇ ಪುಟ, ಅಂದರೆ ಶಿಫ್ಟ್ ಜಿಸ್ ಎಂಬ ಜಪಾನಿ ಪಟ್ಟಿ. ಇಂಗ್ಲಿಷಿಗೆ ಹೊಂದಿಸಿದ ನಮ್ಮ ಕಂಪ್ಯೂಟರ್ ಹಿಡಿದುಕೊಂಡಿರುವುದು 1252 ಅನ್ನು. ಜಪಾನಿಯ ಕತಕಾನಾ ಲಿಪಿಯ 'ಕ' ಅಕ್ಷರ 932ರಲ್ಲಿ 83, 4ಎ ಎಂಬ ಎರಡು ಬೈಟ್‌ಗಳು. 1252ರಲ್ಲಿ ಅವೇ ಬಾಲವುಳ್ಳ ಎಫ್ ಮತ್ತು ಒಂದು ಜೆ ಆಗಿಬಿಡುತ್ತವೆ. ಅಕ್ಷರರೂಪ (ಫಾಂಟ್) ಎಷ್ಟು ಬದಲಿಸಿದರೂ ಇದು ಸರಿಹೋಗದು.

ವಿಂಡೋಸಿನ ಪ್ರಾದೇಶಿಕ ಸೆಟ್ಟಿಂಗಿನಲ್ಲಿ ಇಡೀ ಯಂತ್ರವನ್ನೇ ಜಪಾನಿಗೆ ಬದಲಿಸಬಹುದು. ಅದನ್ನು ನಾನು ಮುಟ್ಟಲಿಲ್ಲ. ಆ ಬದಲಾವಣೆ ಯುನಿಕೋಡ್ ಅರಿಯದ ಎಲ್ಲ ತಂತ್ರಾಂಶಗಳಿಗೂ ತಗಲುತ್ತದೆ, ಅಪ್ಪನ ಪತ್ರಗಳೆಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿವೆ. ಅದರ ಬದಲು ಬಳಸಿದ ಲೊಕೇಲ್ ಎಮ್ಯುಲೇಟರ್ ಎಂಬ ಸಾಧನ ನಾವು ಆರಿಸಿದ ಒಂದು ತಂತ್ರಾಂಶಕ್ಕೆ ಮಾತ್ರ ಜಪಾನಿನ ಪರಿಸರ ಒದಗಿಸುತ್ತದೆ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ಇದೇ ಸರಿಯಾದ ದಾರಿ. ಅದು 32 ಬಿಟ್ ತಂತ್ರಾಂಶಗಳಿಗೆ ಹೊಂದುವುದರಿಂದ ಕ್ಯಾಡ್‌ನ 32 ಬಿಟ್ ಆವೃತ್ತಿಯನ್ನೇ ಇಟ್ಟುಕೊಂಡಿದ್ದೇನೆ. ಜಪಾನಿಯ ಗೋಥಿಕ್ ಶೈಲಿಯ ಅಕ್ಷರಗಳು ವಿಂಡೋಸಿನಲ್ಲೇ ಇದ್ದವು. ಮಿಂಚೋ ಎಂಬ ಇನ್ನೊಂದು ಶೈಲಿ ಬಳಸಿದ ನಕ್ಷೆಗಳಿಗಾಗಿ ಜಪಾನಿನ ಹೆಚ್ಚುವರಿ ಅಕ್ಷರರೂಪಗಳನ್ನು ಸೇರಿಸಿಕೊಂಡೆ. ಕಡತದ ದಾರಿಯಲ್ಲಿ ಓರೆಗೆರೆಯ ಬದಲು ಯೆನ್ ಚಿಹ್ನೆ ಕಂಡರೆ ಗಾಬರಿ ಬೇಡ, ಜಪಾನಿ ಅಕ್ಷರರೂಪಗಳಲ್ಲಿ ಅದು ಹಾಗೆಯೇ.

ಬಳಸಲು ಕೂತರೆ ಬಿಟ್ಟೇಳಲು ಮನಸ್ಸಾಗದು. ಎಡ ಕ್ಲಿಕ್ ಮಾಡಿದರೆ ಬೇಕಾದಲ್ಲಿ ಬಿಂದು, ಬಲ ಕ್ಲಿಕ್ ಮಾಡಿದರೆ ಹತ್ತಿರದ ಗೆರೆಯ ತುದಿಗೇ ಹೋಗಿ ಕೂರುವ ಬಿಂದು. ಪದರಗಳ (ಲೇಯರ್) 16 ಗುಂಪುಗಳಿವೆ, ಪ್ರತಿ ಗುಂಪಿನಲ್ಲಿ 16 ಪದರ, ಗುಂಪಿಗೊಂದು ಪ್ರಮಾಣ ಇಟ್ಟುಕೊಳ್ಳಬಹುದು. ಹಾಗಾಗಿ ಇಡೀ ಮಾಡು 1:50ರಲ್ಲಿ, ಒಂದು ಕೂಡಿಕೆ 1:5ರಲ್ಲಿ, ಎರಡೂ ಒಂದೇ ಹಾಳೆಯಲ್ಲಿ!

ಉಳಿದಿರುವುದು ಕನ್ನಡ. ನಕ್ಷೆಯನ್ನು ನಮ್ಮ ಮರಗೆಲಸದ ಆಚಾರ್ಯರಿಗೆ ತೋರಿಸಬೇಕು, ಭಾಗಗಳ ಹೆಸರು ಕನ್ನಡದಲ್ಲೇ ಇರಬೇಕು. 932ರಲ್ಲಿ ಕನ್ನಡ ಅಕ್ಷರಗಳೇ ಇಲ್ಲ; ವಿಂಡೋಸಿನಲ್ಲಿ ಇಂಥ ತಂತ್ರಾಂಶಗಳಿಗೆ ಹೊಂದಿಸಿಕೊಡಬಹುದಾದ ಕನ್ನಡದ ಕೋಡ್ ಪುಟವೂ ಇಲ್ಲ, ಯುನಿಕೋಡ್ ಒಂದೇ ಗತಿ. ಕನ್ನಡ ಹೆಸರಿನ ಫೋಲ್ಡರಿನಲ್ಲಿಟ್ಟ ಕಡತವೂ ತೆರೆಯುವುದಿಲ್ಲ. ಹಳೆಯ 'ನುಡಿ'ಯ ಅಕ್ಷರರೂಪ ತೊಡಿಸೋಣವೆಂದರೆ, ಅದರ ಎಷ್ಟೋ ಬೈಟ್‌ಗಳು ಶಿಫ್ಟ್ ಜಿಸ್‌ನಲ್ಲಿ ಜೋಡಿಯಕ್ಷರದ ಮೊದಲರ್ಧಗಳು, ಪಕ್ಕದ ಬೈಟನ್ನೂ ನುಂಗಿಬಿಡುತ್ತವೆ.

ಆದ್ದರಿಂದ ಕ್ಯಾಡ್‌ನಲ್ಲಿ ಗೆರೆ ಮತ್ತು ಅಳತೆ ಮಾತ್ರ. ಬೇರೆ ತಂತ್ರಾಂಶಗಳೂ ಓದುವ ಡಿಎಕ್ಸ್ಎಫ್ ರೂಪದಲ್ಲಿ ಉಳಿಸಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಒಯ್ದು ಹೆಸರುಗಳನ್ನು ಅಲ್ಲಿ ಬರೆಯುತ್ತೇನೆ. ಯುನಿಕೋಡ್ ಕನ್ನಡದ ಒತ್ತಕ್ಷರಗಳು ಅಲ್ಲಿ ಚೆನ್ನಾಗಿ ಬರುತ್ತವೆ. ಡಿಎಕ್ಸ್ಎಫ್ ತರುವಾಗ ಪ್ರಮಾಣವನ್ನು ಕೈಯಾರೆ ಕೊಟ್ಟು, ಮುದ್ರಿಸಿದ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಬೇಕು. ಮೊದಲ ಹಾಳೆಗೆ ಜಗಲಿಯ ಕಂಬ ಮತ್ತು ಅದರ ಮೇಲಿನ ತೊಲೆಯನ್ನು ಆರಿಸಿಕೊಂಡಿದ್ದೇನೆ.